ಎರಡು ವರ್ಷ ಓಡಿಸಿದ ಮೇಲೆ ಸ್ಕ್ರೋಲ್ ಸಾ ಬಗ್ಗೆ: ಮರದ ಆಟಿಕೆ ಮಾಡಿ ಮಾರುವವರಿಗೆ

ಮರದ ಆಟಿಕೆ ಮಾಡಿ ಮಾರಲು ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಕೋಪಿಂಗ್ ಸಾ ಎಂಬ ಒಂದು ಸಣ್ಣ ಕೈಗರಗಸ, ಒಂದು ಡ್ರಿಲ್, ಒಂದು ಕಟ್ಟು ಉಪ್ಪು ಕಾಗದ. ಅಷ್ಟರಲ್ಲೇ ಒಂದು ವರ್ಷ ದೂಡಿದೆ. ಆಮೇಲೆ 16 ಇಂಚಿನ ಸ್ಕ್ರೋಲ್ ಸಾ ತಗೊಂಡೆ, ಅಂದರೆ ಸಪೂರ ಬ್ಲೇಡಿನಲ್ಲಿ ಬಾಗು ಗೆರೆ ಕೊಯ್ಯುವ ಕರೆಂಟಿನ ಗರಗಸ; 16 ಇಂಚು ಅನ್ನುವುದು ಬ್ಲೇಡಿನಿಂದ ಮಷೀನಿನ ಹಿಂಭಾಗದವರೆಗಿನ ಜಾಗ. ಅದಕ್ಕೀಗ ಎರಡು ವರ್ಷ, ಹೆಚ್ಚುಕಡಿಮೆ ದಿನಾ ಓಡಿದೆ. ಕೊಳ್ಳಬೇಕಾ ಬೇಡವಾ ಅಂತ ಸುಮಾರು ಜನ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ, ಹೇಳಿದರೂ ಜಾಸ್ತಿ ಉಪಯೋಗವಿಲ್ಲ. ಇದೇ ಥರದ ಮಷೀನು ಬೇರೆ ಬೇರೆ ಬಣ್ಣದಲ್ಲಿ, ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ.

ಬೇಗ ಬೇಗ ಕೊಯ್ಯಬಹುದು ಅಂತ ಕೊಂಡೆ. ನಿಜವಾಗಿ ಹೊತ್ತು ಉಳಿದದ್ದು ಉಜ್ಜುವ ಕೆಲಸದಲ್ಲಿ. ಪ್ರತಿ ಆಟಿಕೆಗೆ ಎಷ್ಟು ನಿಮಿಷ ಹಿಡಿಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಬೀಚ್ ಎಂಬ ಗಟ್ಟಿ ಮರದ 18 ಮಿಮೀ ದಪ್ಪದ ಹಲಗೆಯಲ್ಲಿ ಗಾಲಿ ಆನೆ ಮಾಡುವಾಗ, ಕೈಯಲ್ಲಿ ಕೊಯ್ಯಲು 25 ನಿಮಿಷ, ಅಂಚು ಉಜ್ಜಲು 40 ನಿಮಿಷ ಹಿಡಿಯುತ್ತಿತ್ತು. ಈಗ ಕೊಯ್ಯಲು 8, ಉಜ್ಜಲು 12. ಕೈಗರಗಸ ಎಷ್ಟೇ ಹುಷಾರಾಗಿ ಎಳೆದರೂ ಬ್ಲೇಡ್ ವಾಲುತ್ತದೆ, ಹಲಗೆಯ ಮೇಲ್ಮುಖದಲ್ಲಿ ಗೆರೆ ಸರಿಯಾಗಿದ್ದರೂ ಕೆಳಮುಖದಲ್ಲಿ ಎರಡು ಮಿಲಿಮೀಟರ್ ಆಚೆ ಹೋಗಿರುತ್ತದೆ, ಆ ಓರೆಯನ್ನೆಲ್ಲ 80 ನಂಬರ್ ಒರಟು ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿಯೇ ತೆಗೆಯಬೇಕು. ಸ್ಕ್ರೋಲ್ ಸಾದಲ್ಲಿ ಬ್ಲೇಡ್ ನೆಟ್ಟಗೆ ಮೇಲೆ ಕೆಳಗೆ ಓಡುತ್ತದೆ. ಒಳ್ಳೆಯ ಬ್ಲೇಡ್ ಹಾಕಿದ್ದರೆ ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದಾಗ ಸಿಬರು ಸಿಗುವುದೇ ಇಲ್ಲ. ನೇರವಾಗಿ 180 ನಂಬರಿನ ನಯ ಕಾಗದದಿಂದ ಶುರು ಮಾಡಿ 240ಕ್ಕೆ ಮುಗಿಸುತ್ತೇನೆ.

ಹೀಗೆ ಉಳಿದ ಹೊತ್ತನ್ನು ನಾನು ಆಟಿಕೆಗೆ ಎಣ್ಣೆ, ಜೇನುಮೇಣದ ಕೋಟು ಹಚ್ಚಲು ಬಳಸುತ್ತೇನೆ. ಪ್ಲಾಸ್ಟಿಕ್ ಇಟ್ಟಿಗೆ ಆಟಿಕೆಗಳ ಲೆಗೋ ಕಂಪನಿ ಶುರುವಾದದ್ದೂ ಮರದ ಆಟಿಕೆಯಿಂದಲೇ, 1932ರಲ್ಲಿ, ಡೆನ್ಮಾರ್ಕಿನ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ ಎಂಬ ಬಡಗಿಯ ಕೈಯಲ್ಲಿ. ಅವರ ಮಗ ಮರದ ಬಾತುಕೋಳಿಗಳಿಗೆ ಮೂರರ ಬದಲು ಎರಡೇ ಕೋಟು ವಾರ್ನಿಷ್ ಹಚ್ಚಿ ಕಳಿಸಿ, ಉಳಿತಾಯವಾಯ್ತು ಅಂತ ಖುಷಿಯಿಂದ ಹೇಳಿದನಂತೆ. ಅಪ್ಪ ಪೆಟ್ಟಿಗೆಗಳನ್ನು ವಾಪಸ್ ತರಿಸಿ ಮೂರನೇ ಕೋಟು ಹಚ್ಚಿಸಿದರಂತೆ. ಕಂಪನಿಯವರೇ ಹೇಳಿಕೊಳ್ಳುವ ಕಥೆ ಇದು. ರಾತ್ರಿ ಸುಸ್ತಾಗಿ ಕೊನೆಯ ಕೋಟು ಬಿಟ್ಟುಬಿಡೋಣ ಅನ್ನಿಸಿದಾಗೆಲ್ಲ ನನಗೆ ಆ ಬಾತುಕೋಳಿಗಳು ನೆನಪಾಗುತ್ತವೆ.

ಈಗ ಬ್ಲೇಡಿನ ವಿಷಯ. ಮಷೀನಿಗಿಂತ ಬ್ಲೇಡೇ ಮುಖ್ಯ ಅಂತ ನನಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು. ಪೆಟ್ಟಿಗೆಯ ಜೊತೆ ಬಂದ ಬ್ಲೇಡುಗಳ ತುದಿಯಲ್ಲಿ ಅಡ್ಡ ಪಿನ್ ಇತ್ತು. ಸಿಕ್ಕಿಸಲು ಸುಲಭ, ಆದರೆ ಆನೆಯ ಕಾಲುಗಳ ನಡುವೆಯೋ, ಪಜಲ್ ಒಳಗೋ ಕೊಯ್ಯಬೇಕಾದರೆ ಆ ಪಿನ್ ತೂರುವಷ್ಟು ದೊಡ್ಡ ತೂತು ಕೊರೆಯಬೇಕು. ಪಿನ್ ಇಲ್ಲದ ಬ್ಲೇಡಿಗೆ 2 ಮಿಮೀ ತೂತು ಸಾಕು. ಆದ್ದರಿಂದ ಕೊಳ್ಳುವಾಗ ಇದೊಂದನ್ನು ತಪ್ಪದೆ ನೋಡಿ: ಪಿನ್ ಇಲ್ಲದ ಬ್ಲೇಡ್ ಹಿಡಿಯುವ ಕ್ಲಾಂಪ್ ಇಲ್ಲದ ಮಷೀನು ಬೇಡವೇ ಬೇಡ. ನಾನು 18 ಮಿಮೀ ಹಲಗೆಗೆ 5 ನಂಬರ್ ಬ್ಲೇಡ್ ಹಾಕುತ್ತೇನೆ, ತೆಳು ಪ್ಲೈವುಡ್ಡಿಗೆ 2 ಅಥವಾ 3 (ನಂಬರ್ ಜಾಸ್ತಿಯಾದಷ್ಟೂ ಬ್ಲೇಡ್ ದಪ್ಪ). ಕೆಳಗಿನ ಕೆಲವು ಹಲ್ಲು ಉಲ್ಟಾ ತಿರುಗಿರುವ ರಿವರ್ಸ್ ಟೂತ್ ಬ್ಲೇಡ್ ಸಿಕ್ಕರೆ ಅದನ್ನೇ ತಗೊಳ್ಳಿ, ಹಲಗೆಯ ಅಡಿಭಾಗ ಸಿಬಿರೇಳುವುದು ತುಂಬಾ ಕಡಿಮೆಯಾಗುತ್ತದೆ. ಬ್ಲೇಡ್ ಬಿಗಿದ ಮೇಲೆ ಬೆರಳಿನಿಂದ ಮೀಟಿ ನೋಡಬೇಕು, ತಂತಿ ಮೀಟಿದ ಹಾಗೆ ಟಿಣ್ ಅನ್ನಬೇಕು. ಮಂಕಾಗಿ ಸದ್ದು ಬಂದರೆ ಇನ್ನೂ ಬಿಗಿ ಸಾಲದು ಅಂತ. ಇನ್ನೊಂದು, ಸಾಧಾರಣ ಬ್ಲೇಡುಗಳಲ್ಲಿ ಒಂದು ಪಕ್ಕ ಸ್ವಲ್ಪ ಜಾಸ್ತಿ ಹರಿತ ಇರುತ್ತದೆ, ಹಾಗಾಗಿ ಹಲಗೆಯನ್ನು ನೆಟ್ಟಗೆ ತಳ್ಳಿದರೆ ಗೆರೆ ಬಲಕ್ಕೆ ಜಾರುತ್ತದೆ. ಮಷೀನೇ ಕೆಟ್ಟಿದೆ ಅಂತ ನಾನು ಒಂದು ವಾರ ಒದ್ದಾಡಿದ್ದೆ. ಹಲಗೆಯನ್ನು ಸ್ವಲ್ಪ ಓರೆ ಹಿಡಿದು ತಳ್ಳಿದರೆ ಆಯ್ತು, ನಾಲ್ಕು ದಿನಕ್ಕೆ ಕೈಗೆ ಅಭ್ಯಾಸವಾಗುತ್ತದೆ.

ಆಟಿಕೆಯ ಆಕಾರದ ಗೆರೆ ಎಳೆದ ಕಾಗದ ಅಂಟಿಸುವ ಮೊದಲು ಹಲಗೆಗೆ ಪ್ಯಾಕಿಂಗ್ ಟೇಪ್ ಹಚ್ಚಿ. ಬೀಚ್, ಮೇಪಲ್ ಥರದ ಗಟ್ಟಿ ಮರ ತಿರುವಿನಲ್ಲಿ ಕಪ್ಪಗೆ ಸುಡುವುದು ಅದರಿಂದ ಎಷ್ಟೋ ತಪ್ಪುತ್ತದೆ.

ಮಷೀನು ಬಂದ ಮೇಲೆ ನನ್ನ ಡಿಸೈನ್ ಕೆಟ್ಟಿತು ಅಂತಲೂ ಹೇಳಬೇಕು. ಏನು ಬೇಕಾದರೂ ಕೊಯ್ಯಬಹುದಲ್ಲ ಅಂತ ಸಪೂರ ಬಾಲ, ಸುರುಳಿ ಸೊಂಡಿಲು, ಚೂಪು ಕಿವಿ ಎಲ್ಲ ಶುರು ಮಾಡಿದೆ. 20 ಆನೆಗಳ ಒಂದು ಕಂತು ಮಾಡಿ, ಮೇಣ ಹಚ್ಚಿ, ಟೇಬಲ್ಲಿನಿಂದ ಒಂದು ಕೆಳಗೆ ಬಿತ್ತು ನೋಡಿ, ಸೊಂಡಿಲು ಪಟ್ ಅಂತ ಮುರಿಯಿತು. ಇನ್ನೊಂದನ್ನು ಬೇಕಂತಲೇ ಬೀಳಿಸಿದೆ, ಅದೂ ಅದೇ ಜಾಗದಲ್ಲಿ ಮುರಿಯಿತು. ಮರದ ಎಳೆ ಹಲಗೆಯ ಉದ್ದಕ್ಕೆ ಓಡುತ್ತಿತ್ತು, ಸೊಂಡಿಲು ಅದಕ್ಕೆ ಅಡ್ಡವಾಗಿ ಇಳಿಯುತ್ತಿತ್ತು, ಅಗಲ ಬರೀ 9 ಮಿಮೀ. ಅಡ್ಡ ಎಳೆಯಲ್ಲಿ ಅಷ್ಟು ಸಪೂರ ಬಿಟ್ಟರೆ ಯಾವ ಮರವೂ ತಾಳುವುದಿಲ್ಲ. ಇಡೀ ಕಂತನ್ನು ಮಾರದೆ ಎತ್ತಿಟ್ಟೆ. ಈಗ ಸೊಂಡಿಲನ್ನು ಮುಂಗಾಲಿಗೆ ಸೇರಿಸಿಬಿಟ್ಟಿದ್ದೇನೆ, ನಡುವೆ ಒಂದು ಸಣ್ಣ ಉದ್ದ ಕಂಡಿ ಇದೆ, ಮಗುವಿನ ಬೆರಳು ಅಲ್ಲಿಗೇ ಹೋಗುತ್ತದೆ, ಹಿಡಿದೆಳೆಯಲು ಅದೇ ಹಿಡಿಕೆ ಆಯ್ತು. ಮೊದಲಿನ ಆನೆಗಿಂತ ಇದೇ ಚಂದ, ಮತ್ತೆ ಮತ್ತೆ ಕೇಳಿ ಬರುವುದೂ ಇದಕ್ಕೇ.

ಗಾಲಿಯನ್ನೂ ಬದಲಾಯಿಸಿದೆ. ಮೊದಲು 30 ಮಿಮೀ ಗಾಲಿ ಹಾಕುತ್ತಿದ್ದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು ಒಂದು ಸಣ್ಣ ಸಿಲಿಂಡರ್ ಇದೆ, ಒಳ ಅಗಲ 31.7 ಮಿಮೀ, ಓರೆ ತಳ, ಆಳ 25.4ರಿಂದ 57.1 ಮಿಮೀ. ಕಳಚಿಬಂದ ಯಾವ ತುಂಡೂ ಅದರೊಳಗೆ ಪೂರ್ತಿ ಇಳಿಯಬಾರದು, ಇಳಿದರೆ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು ಅಂತ ಅರ್ಥ. ನನ್ನ 30 ಮಿಮೀ ಗಾಲಿ ಸಲೀಸಾಗಿ ಇಳಿದುಹೋಯಿತು. ಅದನ್ನು ನೋಡಿದ ದಿನ ನಿದ್ದೆ ಬರಲಿಲ್ಲ. ಈಗ ಎಲ್ಲ ಗಾಲಿಯೂ 40 ಮಿಮೀ. 10 ಮಿಮೀ ಅಚ್ಚು, ಗಾಲಿಯಲ್ಲಿ ಬಿಗಿಯಾಗಿ ಕೂರುವ 10 ಮಿಮೀ ತೂತು, ಮೈಯಲ್ಲಿ ಸಡಿಲವಾಗಿ ತಿರುಗಲು 11 ಮಿಮೀ ತೂತು. ಅಂಟು ಗಾಲಿಗೆ ಮಾತ್ರ, ಅಚ್ಚಿನ ನಡುಭಾಗಕ್ಕೆ ಮೊದಲೇ ಮೇಣ ಉಜ್ಜಿರಬೇಕು, ಇಲ್ಲದಿದ್ದರೆ ಒಂದು ಹನಿ ಅಂಟು ಒಳಗೆ ಹರಿದರೂ ಗಾಲಿ ತಿರುಗುವುದಿಲ್ಲ. ಅಂಟು ಒಣಗಿದ ಮೇಲೆ ಪ್ರತಿ ಗಾಲಿಯನ್ನೂ ಜೋರಾಗಿ ಎಳೆದು ನೋಡುತ್ತೇನೆ, ಒಂದನ್ನೂ ಬಿಡುವುದಿಲ್ಲ.

ಮಷೀನಿನ ದೋಷಗಳು. ಅದುರುವಿಕೆ ಜಾಸ್ತಿ. ಸುಮ್ನೆ ಟೇಬಲ್ ಮೇಲಿಟ್ಟು ಓಡಿಸಿದರೆ ಟೇಬಲ್ಲೇ ನಡೆಯಲು ಶುರು ಮಾಡುತ್ತದೆ, ದಪ್ಪ ಹಲಗೆಗೆ ಬೋಲ್ಟ್ ಹಾಕಿ ಕೆಳಗೆ ರಬ್ಬರ್ ಹಾಸಿದ ಮೇಲೆ ಸರಿಹೋಯಿತು. ಪುಡಿ ಊದುವ ಪೈಪು ಎರಡನೇ ತಿಂಗಳಿಗೇ ಸಡಿಲವಾಗಿ ಗೆರೆ ಬಿಟ್ಟು ಬೇರೆಲ್ಲೋ ಊದುತ್ತಿತ್ತು. ಕೆಳಗಿನ ಕ್ಲಾಂಪಿನ ಸ್ಕ್ರೂ ಒಂದು ವರ್ಷಕ್ಕೆ ಸುರುಳಿ ಗೀರು ಸವೆದು ಜಾರತೊಡಗಿತು, ಬಿಡಿ ಸ್ಕ್ರೂ ಕೇಳಿದರೆ ಮಾರಿದವರಿಂದ ಆರು ವಾರ ಉತ್ತರವೇ ಇಲ್ಲ, ಕೊನೆಗೆ ಅದೇ ಅಳತೆಯದನ್ನು ಹುಡುಕಿ ನಾನೇ ಹಾಕಿದೆ. ಆ ಆರು ವಾರ ಮತ್ತೆ ಕೈಗರಗಸದಲ್ಲೇ ಕೊಯ್ದೆ, ಒಪ್ಪಿಕೊಂಡ ಎರಡು ಆರ್ಡರ್ ತಡವಾಯಿತು. ಅದಕ್ಕೇ ಈಗ ಎರಡು ಜೊತೆ ಕ್ಲಾಂಪ್ ಡ್ರಾಯರಿನಲ್ಲಿ ಇಟ್ಟಿರುತ್ತೇನೆ. ವೇಗ ಬದಲಿಸುವ ತಿರುಪು ಮಾತ್ರ ಚೆನ್ನಾಗಿದೆ, ನಿಮಿಷಕ್ಕೆ ಬ್ಲೇಡಿನ 400ರಿಂದ 1600 ಹೊಡೆತ, ಗಟ್ಟಿ ಮರಕ್ಕೆ ನಾನು ನಡುವಿನಲ್ಲಿ ಇಡುತ್ತೇನೆ.

ಧೂಳಿನ ವಿಷಯದಲ್ಲಿ ಅಸಡ್ಡೆ ಬೇಡ. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಸೇರಿಸಿದೆ. ಈ ಮಷೀನಿನ ಪುಡಿ ತುಂಬಾ ನಯ, ಕಣ್ಣಿಗೆ ಕಾಣದೆ ತೇಲುತ್ತಿರುತ್ತದೆ. ಸರಿಯಾದ ಮಾಸ್ಕ್ ಇಲ್ಲದೆ ಸ್ವಿಚ್ ಒತ್ತಬೇಡಿ.

ಯಾರು ಕೊಳ್ಳಬೇಕು? ತಿಂಗಳಿಗೆ ನಾಲ್ಕೈದು ಆಟಿಕೆ ಮಾಡುವವರಿಗೆ ಕೈಗರಗಸವೇ ಸಾಕು, ಆ ದುಡ್ಡಿಗೆ ಒಳ್ಳೆಯ ಮರ ತಗೊಳ್ಳಿ. ಬಿಲ್ಡಿಂಗ್ ಬ್ಲಾಕ್ ಥರ ನೇರ ಗೆರೆಯ ಆಟಿಕೆ ಮಾತ್ರ ಮಾಡುವವರಿಗೂ ಇದು ಬೇಡ. ಒಂದೇ ಆಕಾರವನ್ನು ಹತ್ತು, ಇಪ್ಪತ್ತು ಅಂತ ಕಂತಿನಲ್ಲಿ ಮಾಡುವವರು, ಪಜಲ್, ಪ್ರಾಣಿ, ಗಾಲಿ ಗಾಡಿ ಮಾಡುವವರು ಯೋಚಿಸದೆ ತಗೊಳ್ಳಿ. ಬೆಲೆ ಕಟ್ಟುವಾಗ ಮರ, ಅಂಟು, ಮೇಣದ ಜೊತೆ ಬ್ಲೇಡನ್ನೂ ಲೆಕ್ಕಕ್ಕೆ ಹಿಡಿಯಿರಿ; ನನಗೆ ಬೀಚ್ ಮರದಲ್ಲಿ ಮೂರು ಆನೆಗೆ ಒಂದು ಬ್ಲೇಡ್ ಹೋಗುತ್ತದೆ, ಮೊದಲ ಆರು ತಿಂಗಳು ಅದನ್ನು ಸೇರಿಸದೆ ಮಾರಿ ಪ್ರತಿ ಆನೆಯಲ್ಲೂ ಕೈಯಿಂದ ದುಡ್ಡು ಹಾಕಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದುಕೊಂಡ ಒಂದು ಅಂಕ ಆ ಸ್ಕ್ರೂಗೆ.