ಕಜನ್ಲಾಕ್ ಪನ್ನೀರು ಓಕೆ, ಸೋಪು ಬೇಡ

ಬಲ್ಗೇರಿಯಾದ ಕಜನ್ಲಾಕ್‌ನಲ್ಲಿ ಗುಲಾಬಿ ಎಣ್ಣೆ ಭಟ್ಟಿಯ ಪಕ್ಕದ ಅಂಗಡಿಯಿಂದ ತಂದ ಪನ್ನೀರಿದು. ಒಂದು ಕಿಲೋ ಎಣ್ಣೆಗೆ ಸುಮಾರು 3,000 ಕಿಲೋಗೂ ಮಿಕ್ಕಿ ಹೂ ಬೇಕು. ಹಾಗಾಗಿ ಎಣ್ಣೆಯ ರೇಟು ನಮ್ಮ ಜೇಬಿಗಲ್ಲ. ಆದರೆ ಫಿನೈಲ್ ಈಥೈಲ್ ಆಲ್ಕೋಹಾಲ್ ಎಂಬ ಘಮದ ಅಂಶ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಪನ್ನೀರಿಗೆ ಹಸಿ ಹೂವಿನದೇ ವಾಸನೆ. ಶೇವಿಂಗ್ ಆದಮೇಲೆ ಕೆನ್ನೆಗೆ ಚಿಮುಕಿಸಿಕೊಂಡರೆ ಹಾಯೆನಿಸುತ್ತದೆ, ಅಂಟಂಟಿಲ್ಲ. ಅಡುಗೆಗೂ ಆಗುತ್ತದೆಂದು ಲೇಬಲ್‌ನಲ್ಲಿತ್ತು. ಶಾವಿಗೆ ಪಾಯಸಕ್ಕೆ ಅರ್ಧ ಚಮಚ ಹಾಕಿದೆ, ಸೊಗಸು!

ಭಟ್ಟಿಯಲ್ಲಿ ಬೆಂದ ಎಸಳಿನ ಸೋಪೂ ತಂದೆ. ಆ ಎಸಳಲ್ಲಿ, ಹಂಡೆಯಲ್ಲುಳಿಯುವ ಕಂದು ನೀರಲ್ಲಿ ಪಾಲಿಫಿನಾಲ್ ಎಂಬ ಸಸ್ಯಜನ್ಯ ಅಂಶಗಳಿವೆ, ನಿಜ. ಲ್ಯಾಬ್‌ಗಳಲ್ಲಿ ಪರೀಕ್ಷೆಗಳೂ ನಡೆದಿವೆ. ಅಷ್ಟಕ್ಕೇ ಈ ಸೋಪು ಹಚ್ಚಿದರೆ ಮುಖದ ಸುಕ್ಕು ಮಾಯವಾಗುತ್ತದೆ ಅಂದರೆ ಅತಿಯಾಯ್ತು. ತೊಳೆದ ಮೇಲೆ ಚರ್ಮ ಬಿಗಿಯುತ್ತದೆ, ಎಸಳಿನ ಚೂರುಗಳು ಸಿಂಕಿಗೆ ಅಂಟುತ್ತವೆ. ಪನ್ನೀರು ಕೊಳ್ಳುವವರು ಲೇಬಲ್‌ನ ಪದಾರ್ಥಗಳ ಪಟ್ಟಿಯಲ್ಲಿ ‘ಪರ್ಫ್ಯೂಮ್’ (ಬೇರೆಯಾಗಿ ಬೆರೆಸಿದ ಸುಗಂಧ) ಎಂದಿದ್ದರೆ ಬಿಟ್ಟುಬಿಡಿ.