ಪೇಟೆ ನಡುವಿನ ಹಳೆಯ ಟಾಕೀಜ್: ಮಾರಾಟದ ತಕರಾರಿನ ನಡುವೆ ನೋಡಿದ ಆಟಗಳು

ಕಲಬುರಗಿಯ ಪೇಟೆ ನಡುವೆ ಇರುವ ಈ ಟಾಕೀಜಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅದರ ಒಡೆತನದ ತಕರಾರು ನ್ಯಾಯಾಲಯದಲ್ಲಿದೆ. ನಾನು ಬರೆದದ್ದು ಒಬ್ಬರಿಗೆ ಅನುಕೂಲವಾಗಿ ಇನ್ನೊಬ್ಬರಿಗೆ ಮುಳುವಾಗುವುದು ಬೇಡ. ಒಂದೇ ಪರದೆಯ, ಕೆಳಗೆ ಸ್ಟಾಲಿನ ಕುರ್ಚಿಗಳು ಮೇಲೆ ಬಾಲ್ಕನಿ ಇರುವ, ಮುಂಭಾಗದಲ್ಲಿ ಸಾಲು ಮಳಿಗೆಗಳನ್ನು ಹೊಂದಿರುವ ಈ ಕಟ್ಟಡವನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟುವ ಮಾತು ವರ್ಷದಿಂದ ನಡೆದಿದೆ. ಕಾಂಪೌಂಡ್ ಗೋಡೆಯ ಮೇಲೆ ಈ ವಾರದ ಸಿನಿಮಾದ ಪೋಸ್ಟರಿನ ಪಕ್ಕದಲ್ಲೇ ವಕೀಲರ ಸಾರ್ವಜನಿಕ ಪ್ರಕಟಣೆಯ ಪ್ರತಿಯನ್ನೂ ಅಂಟಿಸಿದ್ದಾರೆ. ಇಂಥ ಹೊತ್ತಿನಲ್ಲಿ ಅಲ್ಲಿ ಸಿನಿಮಾ ನೋಡುವುದು ಹೇಗಿರುತ್ತದೆ, ಆ ಕಟ್ಟಡದಲ್ಲಿ ಉಳಿಸಿಕೊಳ್ಳತಕ್ಕದ್ದು ಏನಿದೆ ಎಂಬುದನ್ನು ಒಂದೇ ತಿಂಗಳಲ್ಲಿ ಮೂರು ಸಲ ಹೋಗಿ ನೋಡಿ ಇಲ್ಲಿ ಬರೆದಿದ್ದೇನೆ.

ಟಿಕೆಟ್ ಈಗಲೂ ಕಿಂಡಿಯಲ್ಲೇ ಸಿಗುತ್ತದೆ. ದಪ್ಪ ಗೋಡೆಯಲ್ಲಿ ಒಂದು ಕೈ ಮಾತ್ರ ಹೋಗುವಷ್ಟು ಅಗಲದ ಸಣ್ಣ ಕಮಾನು. ಅದರ ತಳಕ್ಕೆ ಹಾಕಿದ ಶಹಾಬಾದ್ ಫರ್ಸಿ ಎರಡು ಮೂರು ತಲೆಮಾರಿನವರ ಮುಂಗೈ ಉಜ್ಜಿ ಉಜ್ಜಿ ತಟ್ಟೆಯ ಹಾಗೆ ತಗ್ಗಾಗಿದೆ. ಹೊರಗೆ ಪಾದರಸ 42 ಡಿಗ್ರಿ ದಾಟಿದ ದಿನವೂ ಆ ಕಲ್ಲು ಕೈಗೆ ತಣ್ಣಗೆ ತಾಗುತ್ತದೆ. ಬಾಲ್ಕನಿಗೆ 100 ರೂಪಾಯಿ, ಕೆಳಗೆ 70. ನೂರು ರೂಪಾಯಿವರೆಗಿನ ಟಿಕೆಟ್ಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದ್ದು, ಅದಕ್ಕಿಂತ ಹೆಚ್ಚಿನ ಬೆಲೆಗೆ ಶೇಕಡಾ 18 ಹಾಗೆಯೇ ಇದೆ. ಇಂಥ ಟಾಕೀಜುಗಳಿಗೆ ಈಚಿನ ವರ್ಷಗಳಲ್ಲಿ ದೊರೆತ ಕೆಲವೇ ಅನುಕೂಲಗಳಲ್ಲಿ ಇದೊಂದು. ತೆಳು ಗುಲಾಬಿ ಕಾಗದದ ಟಿಕೆಟ್ಟನ್ನು ಗೇಟ್‌ಕೀಪರ್ ಅರ್ಧ ಹರಿದು ಕೊಡುತ್ತಾರೆ.

ಒಳಗಿನ ಸಭಾಂಗಣವೇ ಈ ಟಾಕೀಜಿನ ನಿಜವಾದ ಆಸ್ತಿ. ನೆಲವು ಪರದೆಯ ಕಡೆಗೆ ಎಷ್ಟು ಹದವಾಗಿ ಇಳಿಯುತ್ತದೆಂದರೆ, ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಹಿರಿಯರು ಕುಳಿತಿದ್ದರೂ ಹಿಂದಿನವರಿಗೆ ಪರದೆಯ ಕೆಳ ಅಂಚು ಮರೆಯಾಗುವುದಿಲ್ಲ. ಛಾವಣಿ ಎತ್ತರದಲ್ಲಿದೆ, ಬಿಸಿಗಾಳಿ ಮೇಲೇರಿ, ಗೋಡೆಯ ತುದಿಯ ಜಾಲರಿ ಕಿಂಡಿಗಳಿಂದ ಹೊರಹೋಗುವಂತೆ ಕಟ್ಟಿದ್ದಾರೆ. ಪಕ್ಕದ ಗೋಡೆಗಳಿಗೆ ಸೆಣಬಿನ ಬಟ್ಟೆ ಬಿಗಿದ ಮರದ ಚೌಕಟ್ಟುಗಳಿದ್ದು, ಮಾತು ಗೋಡೆಗೆ ಬಡಿದು ಮರಳುವುದಿಲ್ಲ. ನಾನು ನೋಡಿದ ಮೂರು ಆಟಗಳಲ್ಲಿ ಒಂದರಲ್ಲಿ ಎಡಬದಿಯ ಸ್ಪೀಕರ್ ಕೆಟ್ಟಿತ್ತು. ಆದರೂ ಒಂದು ಸಂಭಾಷಣೆಯೂ ತಪ್ಪಲಿಲ್ಲ. ಕಡಿಮೆ ಶಕ್ತಿಯ ಸ್ಪೀಕರುಗಳಿಂದ ದೊಡ್ಡ ಜನಸಮೂಹಕ್ಕೆ ಮಾತು ಕೇಳಿಸಬೇಕಾಗಿದ್ದ ಕಾಲದಲ್ಲಿ ಕಟ್ಟಿದವರಿಗೆ ಸಭಾಂಗಣದ ಆಕಾರವನ್ನೇ ಸರಿಯಾಗಿ ಮಾಡದೆ ಬೇರೆ ದಾರಿ ಇರಲಿಲ್ಲ. ಆ ಲೆಕ್ಕಾಚಾರ ಇವತ್ತಿಗೂ ಕೆಲಸ ಮಾಡುತ್ತಿದೆ.

ಎರಡನೇ ಸಲ ಹೋದಾಗ ಇಂಟರ್‌ವಲ್ಲಿನಲ್ಲಿ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಹತ್ತಿದೆ. ಡಿಜಿಟಲ್ ಪ್ರೊಜೆಕ್ಟರ್ ಒಂದು ಮೂಲೆಯಲ್ಲಿ ಗುಂಯ್ಗುಡುತ್ತಿತ್ತು. ಅದರ ಹಿಂದೆ, ಟಾರ್ಪಾಲು ಹೊದಿಸಿದ ಎರಡು 35 ಎಂಎಂ ಯಂತ್ರಗಳು ಅಕ್ಕಪಕ್ಕ ನಿಂತಿದ್ದವು. ಯಂತ್ರಗಳು ಎರಡಿರುವುದಕ್ಕೆ ಕಾರಣವಿದೆ. ಎರಡು ಸಾವಿರ ಅಡಿಯ ಒಂದು ರೀಲು ಸುಮಾರು 22 ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಮುನ್ನ ಪರದೆಯ ಬಲ ಮೇಲ್ತುದಿಯಲ್ಲಿ ಕಣ್ಣು ಮಿಟುಕಿಸಿದಷ್ಟು ಹೊತ್ತು ಒಂದು ದುಂಡನೆಯ ಗುರುತು ಕಾಣುತ್ತದೆ. ಅದನ್ನು ಕಂಡ ಕೂಡಲೇ ಆಪರೇಟರ್ ಎರಡನೇ ಯಂತ್ರವನ್ನು ಚಾಲೂ ಮಾಡಬೇಕು. ಅದಕ್ಕೂ ಹಿಂದೆ, ಬೆಳಕಿಗಾಗಿ ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಉರಿಸುತ್ತಿದ್ದರು. ಕಡ್ಡಿ ಸವೆದಂತೆಲ್ಲ ನಡುವಿನ ಅಂತರವನ್ನು ಸರಿಪಡಿಸುತ್ತಲೇ ಇರದಿದ್ದರೆ ಪರದೆಯ ಮೇಲಿನ ಮುಖಗಳು ಹಳದಿಗಟ್ಟುತ್ತಿದ್ದವು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದ ಆಪರೇಟರ್ ಟಾರ್ಪಾಲು ಸರಿಸಿ ತೋರಿಸಿದರು. ಯಂತ್ರದ ಹಲ್ಲುಚಕ್ರಗಳಿಗೆ ಎಣ್ಣೆ ಹಚ್ಚಿ ಇಟ್ಟಿದ್ದರು. ಧೂಳೂ ಇರಲಿಲ್ಲ.

“ಇನ್ನೂ ಎಣ್ಣಿ ಹಾಕ್ತೀರೇನ್ರೀ ಕಾಕಾ?” ಎಂದು ಕೇಳಿದೆ.

“ಹಾಕ್ಲಿಕ್ಕೇ ಬೇಕಲ್ರೀ ಸಾಹೇಬ್ರ, ಇಲ್ಲಂದ್ರ ಹಿಡ್ಕೋತದ. ಯಾರರ ಬಂದು ನಡಸು ಅಂದ್ರ ನಡೀಬೇಕಲ್ಲ” ಎಂದರು. ತುಸು ಹೊತ್ತು ಬಿಟ್ಟು, “ಗುಜರಿಗಿ ಹಾಕ್ತಾರಂತ ಕೇಳೀನಿ. ತೂಕದ ಲೆಕ್ಕದಾಗ” ಎಂದರು.

ಈ ಯಂತ್ರಗಳಿಗೆ ಸಿನಿಮಾ ಬರುತ್ತಿದ್ದ ದಾರಿಯಲ್ಲೂ ನಮ್ಮ ಭಾಗದ ಚರಿತ್ರೆಯಿದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿದು, 1956ರ ನವೆಂಬರ್ 1ಕ್ಕೆ ಈ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದರೂ, ಚಿತ್ರ ವಿತರಣೆಯ ವ್ಯವಹಾರದಲ್ಲಿ ನಾವು ‘ನಿಜಾಂ’ ಪ್ರದೇಶದಲ್ಲೇ ಉಳಿದೆವು. ಹಿಂದಿ, ತೆಲುಗು ಚಿತ್ರಗಳ ಪೆಟ್ಟಿಗೆಗಳು ಹೈದರಾಬಾದಿನ ಕಡೆಯಿಂದ ಬರುತ್ತಿದ್ದವು. ಹೀಗಾಗಿ ಇದೇ ಪರದೆಯ ಮೇಲೆ ನಮ್ಮ ತಂದೆಯವರ ತಲೆಮಾರು ವಾರಕ್ಕೊಂದು ಭಾಷೆಯ ಚಿತ್ರ ನೋಡಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು ಆಡುವವರು ಇಲ್ಲಿ ಒಂದೇ ಬೆಂಚಿನ ಮೇಲೆ ಕುಳಿತರು. ಸಿನಿಮಾ ಪ್ರಚಾರಕ್ಕಾಗಿ ಬರೆದ ಚಿತ್ರಗಳಿಂದ ಮುಂಬೈಯಲ್ಲಿ ಹೆಸರಾದ ಕಲಾವಿದ ಎಸ್. ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರ ಹೆಸರಿನ ರಂಗಮಂದಿರ ನಗರದಲ್ಲಿದೆ, ಅದು ಸಂತೋಷದ ಸಂಗತಿ. ಆದರೆ ಸಿನಿಮಾ ತೋರಿಸಿದ ಕಟ್ಟಡಗಳನ್ನು ಕುರಿತು ನಗರ ಇದುವರೆಗೆ ಯೋಚಿಸಿದಂತೆ ಕಾಣುವುದಿಲ್ಲ.

ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಶೌಚಾಲಯ ಬಳಸುವ ಸ್ಥಿತಿಯಲ್ಲಿಲ್ಲ. ಹೆಂಗಸರ ಕಡೆಯ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ನನ್ನ ಜೊತೆ ಬಂದಿದ್ದ ತಂಗಿ ಇದೊಂದೇ ಕಾರಣಕ್ಕೆ ಮತ್ತೆ ಬರುವುದಿಲ್ಲವೆಂದಳು. ಅವಳಿಗೆ ಎದುರು ಹೇಳಲು ನನ್ನಲ್ಲಿ ಮಾತಿರಲಿಲ್ಲ. ಸ್ಟಾಲಿನ ಬಲಬದಿಯಲ್ಲಿ ಎರಡು ಫ್ಯಾನುಗಳು ತಿರುಗುವುದಿಲ್ಲ, ಹಲವು ಕುರ್ಚಿಗಳ ಸ್ಪ್ರಿಂಗು ಹೊರಬಂದಿದೆ. ಎಲ್ಲಕ್ಕಿಂತ ಗಂಭೀರವಾದದ್ದು, ಒಂದು ತುರ್ತು ಬಾಗಿಲಿನ ಮುಂದೆ ಹಳೆಯ ಫಲಕಗಳನ್ನು ಒಟ್ಟಿರುವುದು. ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ, 1964ರ ಪ್ರಕಾರ ಪರವಾನಗಿ ಇಲ್ಲದೆ ಚಿತ್ರ ತೋರಿಸುವಂತಿಲ್ಲ. ಪರವಾನಗಿ ಕೊಡುವ ಜಿಲ್ಲಾಡಳಿತ ಇದನ್ನು ತಪಾಸಣೆ ಮಾಡಿ ಸರಿಪಡಿಸಬೇಕು. ಮಾರಾಟ ಯಾವಾಗ ಆದೀತೋ ಎಂದು ಕಾಯುತ್ತ ಮಾಲೀಕರು ದುರಸ್ತಿಗೆ ಹಣ ಹಾಕುವುದನ್ನು ನಿಲ್ಲಿಸಿದ್ದಾರೆ. ದುರಸ್ತಿ ಇಲ್ಲದ್ದರಿಂದ ಜನ ಕಡಿಮೆಯಾಗಿದ್ದಾರೆ. ಜನ ಕಡಿಮೆಯಾದದ್ದನ್ನೇ ಮಾರಾಟಕ್ಕೆ ಕಾರಣವೆಂದು ತೋರಿಸಲಾಗುತ್ತಿದೆ.

ಆದರೂ ಜನ ಬರುತ್ತಿದ್ದಾರೆ. ಯಾರು ಬರುತ್ತಾರೆ ಎಂಬುದನ್ನು ಮ್ಯಾಟಿನಿಗೆ ಹೋದಾಗ ಗಮನಿಸಿದೆ. ವಿಭಾಗೀಯ ಕೇಂದ್ರವಾದ ಈ ಊರಿಗೆ ಆಸ್ಪತ್ರೆ, ಕೋರ್ಟು, ಕಚೇರಿ ಕೆಲಸಕ್ಕೆಂದು ಸುತ್ತಲಿನ ತಾಲ್ಲೂಕುಗಳಿಂದ ಬೆಳಿಗ್ಗೆ ಬಂದವರು ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿ ಬಸ್ಸಿಗೆ ಕಾಯಬೇಕಾಗುತ್ತದೆ. ಬಿಸಿಲಿನಲ್ಲಿ ನಿಲ್ಲುವ ಬದಲು 70 ರೂಪಾಯಿ ಕೊಟ್ಟು ಇಲ್ಲಿ ಕುಳಿತುಕೊಳ್ಳುತ್ತಾರೆ. ನನ್ನ ಪಕ್ಕದಲ್ಲಿದ್ದ ದಂಪತಿಯ ಕೈಯಲ್ಲಿ ಎಕ್ಸ್‌ರೇ ಲಕೋಟೆಯಿತ್ತು. ರೊಟ್ಟಿ ಗಂಟು ಬಿಚ್ಚಿ, ನನಗೂ ಒಂದು ಕೊಟ್ಟು, ಸಿನಿಮಾ ನೋಡುತ್ತಲೇ ಊಟ ಮುಗಿಸಿದರು. ಮಾಲ್‌ನ ನಾಲ್ಕನೇ ಮಹಡಿಯಲ್ಲಿ ಹೊರಗಿನ ತಿಂಡಿಯನ್ನು ಗೇಟಿನಲ್ಲೇ ತಡೆಯುತ್ತಾರೆ; ಅಲ್ಲಿಗೆ ಇವರು ಹತ್ತಿ ಹೋಗುವುದಿಲ್ಲ.

ಮಾರಾಟದ ವಿಷಯಕ್ಕೆ ಬಂದರೆ, ನನಗೆ ತಿಳಿದಷ್ಟು ಇಷ್ಟೇ. ಕಟ್ಟಿದವರ ವಾರಸುದಾರರಲ್ಲಿ ಒಂದು ಕಡೆಯವರು ಖರೀದಿ ಕರಾರು ಮಾಡಿಕೊಟ್ಟು ಮುಂಗಡ ಪಡೆದಿದ್ದಾರೆ. ಇನ್ನೊಂದು ಕಡೆಯವರು ಪಾಲು ವಿಭಾಗದ ದಾವೆ ಹೂಡಿದ್ದಾರೆ. ಮುಂಭಾಗದ ಮಳಿಗೆಗಳ ದರ್ಜಿ, ಗಡಿಯಾರ ರಿಪೇರಿಯವರು, ಚಹಾದವರು ತಮ್ಮ ಬಾಡಿಗೆ ಹಕ್ಕಿನ ಬಗ್ಗೆ ಬೇರೆಯಾಗಿ ತಕರಾರು ಎತ್ತಿದ್ದಾರೆ. ಮಾರುವುದು ಮಾಲೀಕರ ಹಕ್ಕು, ಅದರ ಬಗ್ಗೆ ನನ್ನ ಆಕ್ಷೇಪವಿಲ್ಲ. ವಾರದ ದಿನಗಳಲ್ಲಿ ನಲವತ್ತೇ ಜನರ ಮುಂದೆ ಪ್ರೊಜೆಕ್ಟರ್ ಬಾಡಿಗೆ, ವಿದ್ಯುತ್ತು, ಸಂಬಳ ಭರಿಸುವುದು ಎಷ್ಟು ಕಷ್ಟವೆಂಬುದು ಗೊತ್ತಿದೆ. ಆದರೆ ಇಲ್ಲಿ ಅಂಗಡಿ ಬುಕ್ ಮಾಡಲು ಮುಂಗಡ ಕೊಡುತ್ತಿರುವ ಪರಿಚಿತರು ಒಂದು ಮಾತು ತಿಳಿದಿರಬೇಕು. ಸ್ವತ್ತು ವರ್ಗಾವಣೆ ಕಾಯ್ದೆ, 1882ರ 52ನೇ ಕಲಂ ಪ್ರಕಾರ, ಸ್ಥಿರಾಸ್ತಿಯ ಹಕ್ಕಿನ ಬಗ್ಗೆ ದಾವೆ ನಡೆದಿರುವಾಗ ಆದ ವರ್ಗಾವಣೆಯು ಆ ದಾವೆಯ ತೀರ್ಪಿಗೆ ಒಳಪಟ್ಟಿರುತ್ತದೆ. ಋಣಭಾರ ಪ್ರಮಾಣಪತ್ರವೊಂದನ್ನೇ ನೋಡಿ ನಂಬದೆ, ದಾವೆಯ ಸಂಖ್ಯೆ ಕೇಳಿ ವಕೀಲರಿಗೆ ತೋರಿಸಿ.

ಪರಂಪರೆಯ ಹೆಸರಿನಲ್ಲಿ ಕಟ್ಟಡ ಉಳಿಯುತ್ತದೆಂಬ ಆಸೆಗೆ ಕೇಂದ್ರ ಕಾನೂನಿನ ಆಧಾರವಿಲ್ಲ. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಯ ರಕ್ಷಣೆಗೆ ಕಟ್ಟಡಕ್ಕೆ ಕನಿಷ್ಠ ನೂರು ವರ್ಷವಾಗಿರಬೇಕು. 1367ರ ಜಾಮಿ ಮಸೀದಿಯನ್ನು ಒಳಗೊಂಡ ನಮ್ಮ ಕೋಟೆಗೆ ಆ ರಕ್ಷಣೆ ಇದೆ. ಟಾಕೀಜಿಗೆ ಆ ವಯಸ್ಸಾಗಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 1936ರಲ್ಲಿ ಶುರುವಾಗಿದ್ದ ಪ್ಲಾಜಾ ಚಿತ್ರಮಂದಿರ ಮೆಟ್ರೊಗಾಗಿ ಬಿತ್ತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು. ಬೇರೆ ದಾರಿಯೂ ಇದೆ ಎನ್ನುವುದಕ್ಕೆ ಮುಂಬೈ ಸಾಕ್ಷಿ. ಅಲ್ಲಿನ ರಾಯಲ್ ಒಪೆರಾ ಹೌಸ್ 1993ರಲ್ಲಿ ಮುಚ್ಚಿ, ಜೀರ್ಣೋದ್ಧಾರಗೊಂಡು 2016ರಲ್ಲಿ ತೆರೆಯಿತು. 1938ರ ಈರೋಸ್ ತನ್ನ ಹೊರರೂಪವನ್ನು ಉಳಿಸಿಕೊಂಡು 2024ರಲ್ಲಿ ಹೊಸ ಪರದೆಯೊಂದಿಗೆ ಮರಳಿ ಆರಂಭವಾಯಿತು.

ಕಲಬುರಗಿ ಮುಂಬೈ ಅಲ್ಲ. ಅಷ್ಟು ಹಣ ಹಾಕುವವರು ಇಲ್ಲಿ ಸಿಗುತ್ತಾರೆಂದು ನಾನು ಹೇಳುವುದಿಲ್ಲ. ನನ್ನ ಬೇಡಿಕೆ ಚಿಕ್ಕದು. ಹಿಂದಿನ ಖಾಲಿ ಜಾಗದಲ್ಲಿ, ವಾಹನ ನಿಲ್ಲಿಸುವ ಅಂಗಳದಲ್ಲಿ, ಬೇಕಾದಷ್ಟು ಅಂಗಡಿ ಕಟ್ಟಲಿ. ಸಭಾಂಗಣದ ಇಳಿಜಾರು ನೆಲವನ್ನೂ ಎತ್ತರದ ಛಾವಣಿಯನ್ನೂ ಹಾಗೆಯೇ ಉಳಿಸಿ, ಅದರಲ್ಲಿ ಮುನ್ನೂರು ಕುರ್ಚಿಗಳ ಒಂದು ಪರದೆ ಉಳಿಯಲಿ. ಅದಕ್ಕೆ ಬೀದಿಯಿಂದಲೇ ಬಾಗಿಲಿರಲಿ, ಮಹಡಿಯ ಮೇಲೆ ಬೇಡ. ಈ ಮಾತು ಬಾಯಿಮಾತಿನ ಭರವಸೆಯಾಗದೆ ಖರೀದಿ ಪತ್ರದಲ್ಲೂ, ಮಹಾನಗರ ಪಾಲಿಕೆ ಮಂಜೂರು ಮಾಡುವ ನಕ್ಷೆಯಲ್ಲೂ ಬರೆಯಲ್ಪಡಲಿ. ಎರಡೂ ಕಡೆಯ ವಾರಸುದಾರರು ರಾಜಿಗೆ ಕುಳಿತಾಗ ಇದನ್ನು ಒಂದು ಷರತ್ತಾಗಿ ಇಟ್ಟುಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಳೆದ ಎರಡೂ ಶೌಚಾಲಯ ಮತ್ತು ತುರ್ತು ಬಾಗಿಲಿನದು. ಹೋಗುವವರು ಬಾಲ್ಕನಿಯ ಮೂರನೇ ಸಾಲಿನ ನಡುವೆ ಕುಳಿತರೆ ಪರದೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಮ್ಯಾಟಿನಿಗಿಂತ ಸಂಜೆಯ ಫಸ್ಟ್ ಶೋ ಮೇಲು, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಗೇಟಿನ ಬಲಕ್ಕಿರುವ ಚಹಾದಂಗಡಿಯಲ್ಲಿ ಇಂಟರ್‌ವಲ್ ಹೊತ್ತಿಗೆ ಮಿರ್ಚಿ ಭಜಿ ಬಿಸಿಯಾಗಿ ಸಿಗುತ್ತದೆ. ಮಕ್ಕಳು ಜೊತೆಗಿದ್ದರೆ ಕ್ಯಾಬಿನ್ ಕಾಕಾನನ್ನು ಒಂದು ಮಾತು ಕೇಳಿ. ಟಾರ್ಪಾಲು ತೆಗೆದು ಯಂತ್ರ ತೋರಿಸುತ್ತಾರೆ, ಹಲ್ಲುಚಕ್ರವನ್ನು ಮಕ್ಕಳ ಕೈಯಿಂದಲೇ ತಿರುಗಿಸಲು ಬಿಡುತ್ತಾರೆ.