ಎಸೆತಗಳ ಲೆಕ್ಕ: ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಆಡಿ ನೋಡಿದ್ದು

ಈ ಚಳಿಗಾಲದಲ್ಲಿ ಒಂದು ಕಂಪ್ಯೂಟರ್ ಆಟದಲ್ಲಿ 1984ರ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡವನ್ನು ಎರಡು ಬಾರಿ ಮೊದಲಿನಿಂದ ನಡೆಸಿದೆ. ಎರಡೂ ಬಾರಿ ನನ್ನ ನಿದ್ದೆ ಕೆಡಿಸಿದವನು ಒಬ್ಬನೇ, ಪಿಚರ್ (ಚೆಂಡು ಎಸೆಯುವವನು) ಡ್ವೈಟ್ ಗುಡನ್. ಆಟದ ಹೆಸರು ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’. ಜರ್ಮನಿಯ ಮಾರ್ಕುಸ್ ಹೈನ್ಸೋನ್ ಕಟ್ಟಿದ ಇದರ ಮೊದಲ ಆವೃತ್ತಿ ಬಂದದ್ದು 1999ರಲ್ಲಿ. ಈಗ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಇಲ್ಲಿ ನೀವು ಬ್ಯಾಟ್ ಬೀಸಬೇಕಿಲ್ಲ, ಚೆಂಡು ಎಸೆಯಬೇಕಿಲ್ಲ. ಆಟಗಾರರನ್ನು ಆರಿಸುವುದು, ಬೆಳೆಸುವುದು, ಬೇರೆ ತಂಡಗಳೊಡನೆ ಅದಲುಬದಲು ಮಾಡುವುದು, ಯಾರು ಯಾವ ದಿನ ಎಸೆಯಬೇಕೆಂದು ತೀರ್ಮಾನಿಸುವುದು ನಿಮ್ಮ ಕೆಲಸ. ಪರದೆಯ ತುಂಬ ಕೋಷ್ಟಕಗಳೇ. ಮೊದಲ ವಾರ ಬ್ಯಾಂಕಿನ ಲೆಕ್ಕಪುಸ್ತಕ ತೆರೆದಂತೆ ಕಂಡೀತು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ತಡೆಯಿಲ್ಲದೆ ಓಡುತ್ತದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಗುಡನ್ ಯಾರೆಂದು ಹೇಳಬೇಕು. ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿಯೊಂದರಲ್ಲೂ ಎದುರಾಳಿಯ ಮೂವರನ್ನು ಔಟ್ ಮಾಡಬೇಕು. 1984ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೇ ಮೆಟ್ಸ್ ಪರ 218 ಇನ್ನಿಂಗ್ಸ್ ಎಸೆದು 276 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಪಡೆದ. ಮರುವರ್ಷ 24 ಗೆಲುವು, 4 ಸೋಲು, ಒಂಬತ್ತು ಇನ್ನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬಿದ್ದ ರನ್‌ಗಳ ಸರಾಸರಿ 1.53. ಆ ವರ್ಷ ಎಸೆದದ್ದು 276 ಇನ್ನಿಂಗ್ಸ್‌ಗೂ ಹೆಚ್ಚು. ಹದಿನಾರು ಪಂದ್ಯಗಳನ್ನು ಆರಂಭದಿಂದ ಕೊನೆಯವರೆಗೆ ಒಬ್ಬನೇ ಎಸೆದು ಮುಗಿಸಿದ. ಅಂಥ ವರ್ಷ ಅವನಿಗೆ ಮತ್ತೆ ಬರಲಿಲ್ಲ. ಮಾದಕವಸ್ತುವಿನ ಚಟ ಒಂದು ಕಾರಣ, 1987ರಲ್ಲಿ ಚಿಕಿತ್ಸೆಗೆ ಸೇರಬೇಕಾಯಿತು. 1991ರಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳಿಗೆ (ರೊಟೇಟರ್ ಕಫ್) ಶಸ್ತ್ರಚಿಕಿತ್ಸೆಯೂ ಆಯಿತು. ಇದರಲ್ಲಿ ಎಷ್ಟು ಪಾಲು ಆ ಇನ್ನಿಂಗ್ಸ್‌ಗಳದ್ದು ಎಂದು ಯಾರೂ ತೂಗಿ ಹೇಳಲಾರರು. ಆದರೆ ಇಪ್ಪತ್ತರ ಹುಡುಗನಿಂದ 276 ಇನ್ನಿಂಗ್ಸ್ ಎಸೆಯಿಸುವ ಧೈರ್ಯ ಇಂದಿನ ಯಾವ ತಂಡಕ್ಕೂ ಇಲ್ಲ.

ನಾನು ಅರಸೀಕೆರೆಯ ಕಡೆಯವನು. ಹದಿನೇಳರ ವಯಸ್ಸಿನಲ್ಲಿ ವೇಗದ ಬೌಲರ್ ಆಗಿದ್ದೆ. ನಮ್ಮ ತಾಲ್ಲೂಕಿನ ಜಾವಗಲ್ ಮೂಲದ ಶ್ರೀನಾಥ್ ಅವರಿಗೆ ಭುಜದ ಶಸ್ತ್ರಚಿಕಿತ್ಸೆಯಾದ 1997ರಲ್ಲೇ ನನ್ನ ಬೆನ್ನೂ ಹೋಯಿತು. ಒಂದು ಟೂರ್ನಿಯಲ್ಲಿ ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಇನ್ನೊಂದು; ಎರಡರಲ್ಲೂ ಹೊಸ ಚೆಂಡು ನನ್ನ ಕೈಗೇ. ಎಷ್ಟು ಓವರ್ ಹಾಕಿದೆನೆಂದು ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ. ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಎಂದು ಹಾಸನದ ವೈದ್ಯರು ಹೇಳುವ ಹೊತ್ತಿಗೆ ಮೂರು ತಿಂಗಳು ನೋವು ಮುಚ್ಚಿಟ್ಟು ಆಡಿದ್ದೆ. ಬೌಲರ್‌ನ ಭಾರ ಹೆಚ್ಚಾಗಿ ಬೆನ್ನಿನ ಮೇಲೆ ಬೀಳುತ್ತದೆ. ಪಿಚರ್ ಮೊಣಕೈ ಮಡಿಸಿ ಬಿಡಿಸಿ ಎಸೆಯುವುದರಿಂದ ಅವನ ಭಾರ ಹೆಚ್ಚಾಗಿ ಮೊಣಕೈಯ ಅಸ್ಥಿರಜ್ಜು ಮತ್ತು ಭುಜದ ಮೇಲೆ. ನೂರು ಎಸೆತವೆಂದರೆ ನಮ್ಮ ಲೆಕ್ಕದಲ್ಲಿ ಹದಿನಾರು ಓವರ್‌ಗಿಂತ ಸ್ವಲ್ಪ ಹೆಚ್ಚು. ಅಷ್ಟು ಎಸೆದವನು ನಾಲ್ಕು ದಿನ ಕೂರಬೇಕು.

ಆಟ ಇದನ್ನು ಹೇಗೆ ನಡೆಸುತ್ತದೆ ಎನ್ನುವುದೇ ಈ ಬರಹದ ವಿಷಯ. ಪ್ರತಿ ಪಿಚರ್‌ಗೂ ಸ್ಟಫ್ (ಎಸೆತದ ಕಸುವು), ಮೂವ್‌ಮೆಂಟ್ (ಚೆಂಡಿನ ತಿರುವು), ಕಂಟ್ರೋಲ್ (ಗುರಿ) ಎಂಬ ಮೂರು ಮುಖ್ಯ ಅಂಕಗಳಿವೆ, ಜತೆಗೆ ಸ್ಟ್ಯಾಮಿನಾ. ಗಾಯದ ವಿಚಾರಕ್ಕೆ ಬಂದರೆ ಅಂಕಿ ಸಿಗುವುದಿಲ್ಲ, ಒಂದು ಪದ ಸಿಗುತ್ತದೆ: ಗಟ್ಟಿ, ಸಾಧಾರಣ, ನಾಜೂಕು, ಹೀಗೆ. ಇತ್ತೀಚಿನ ದಿನಗಳಲ್ಲಿ ಅವನು ಎಷ್ಟು ಎಸೆದ, ಈಗ ಎಷ್ಟು ಚೇತರಿಸಿಕೊಂಡಿದ್ದಾನೆ ಎನ್ನುವುದು ಕಣ್ಣೆದುರೇ ಇರುತ್ತದೆ. ಒಬ್ಬೊಬ್ಬ ಪಿಚರ್‌ಗೂ ಪ್ರತ್ಯೇಕ ಎಸೆತದ ಮಿತಿ ಹಾಕಬಹುದು, ಅವನನ್ನು ಪಂದ್ಯದಿಂದ ಬೇಗ ಹೊರತೆಗೆಯಬೇಕೋ ತಡವಾಗಿಯೋ ಎಂದು ಸೂಚಿಸಬಹುದು, ದಿನಕ್ಕೊಬ್ಬರಂತೆ ಪಂದ್ಯ ಆರಂಭಿಸುವ ಐವರು ಪಿಚರ್‌ಗಳ ಸರದಿಯನ್ನು ಆರು ಜನಕ್ಕೆ ಹಿಗ್ಗಿಸಬಹುದು. ತೋಳಿನ ಗಾಯ ತಡೆಯುವುದರಲ್ಲಿ ಪಳಗಿದ ಟ್ರೈನರ್‌ನನ್ನು ನೇಮಿಸಿಕೊಳ್ಳುವ ಅವಕಾಶವೂ ಇದೆ. ನನ್ನ ಮಾತು ಕೇಳುವುದಾದರೆ ಮೊದಲು ಅವನಿಗೆ ಹಣ ಕೊಡಿ, ಹೋಮ್ ರನ್ ಹೊಡೆಯುವವನಿಗೆ ಆಮೇಲೆ.

ಹಳೆಯ ವರ್ಷಗಳನ್ನು ಆಡುವವರು ಒಂದು ಆಯ್ಕೆಯನ್ನು ಗಮನಿಸಲೇಬೇಕು. ಆಟಗಾರರ ಅಂಕಗಳನ್ನು ಪ್ರತಿ ವರ್ಷ ಅವರ ನಿಜವಾದ ದಾಖಲೆಯಿಂದ ಮರುಲೆಕ್ಕ ಹಾಕುವ ವ್ಯವಸ್ಥೆ ಇದೆ. ಅದನ್ನು ಹಾಗೆಯೇ ಬಿಟ್ಟರೆ, ನೀವು ಎಷ್ಟೇ ಜೋಪಾನ ಮಾಡಿದರೂ ಗುಡನ್‌ನ ಅಂಕಗಳು ಇತಿಹಾಸದ ಹಾದಿಯಲ್ಲೇ ಇಳಿಯುತ್ತವೆ. ಅದನ್ನು ನಿಲ್ಲಿಸಿ, ಬೆಳವಣಿಗೆಯನ್ನು ಆಟದ ಸ್ವಂತ ಯಂತ್ರಕ್ಕೆ ಒಪ್ಪಿಸಿ. ಆಗ ಮಾತ್ರ ನಿಮ್ಮ ತೀರ್ಮಾನಕ್ಕೆ ಬೆಲೆ. ಇನ್ನೊಂದು ವಿಷಯ: 1980ರ ದಶಕದಲ್ಲಿ ಪಿಚರ್‌ಗಳನ್ನು ಹೆಚ್ಚು ಹೊತ್ತು ಉಳಿಸುತ್ತಿದ್ದರು. ಆಟ ಆ ಕಾಲದ ರೂಢಿಗೆ ತಾನೇ ಹೊಂದಿಕೊಳ್ಳುತ್ತದೆ. ಹಾಗಾಗಿ ನೀವು ಮಿತಿ ಹಾಕದಿದ್ದರೆ ಹುಡುಗ ಎಂಟನೆಯ ಇನ್ನಿಂಗ್ಸ್‌ನಲ್ಲೂ ಎಸೆಯುತ್ತಲೇ ಇರುತ್ತಾನೆ.

ಮೊದಲ ಸಲ ನಾನು ಮಿತಿ ಹಾಕಲಿಲ್ಲ. ಏನಾಗುತ್ತದೋ ನೋಡೋಣ ಎಂಬ ಕುತೂಹಲ. ನನ್ನ 1985ರಲ್ಲಿ ಗುಡನ್ 261 ಇನ್ನಿಂಗ್ಸ್ ಎಸೆದ, ಲೀಗ್‌ನ ನಮ್ಮ ವಿಭಾಗದಲ್ಲಿ ನಾವೇ ಮೊದಲಿಗರಾದೆವು. 1986ರ ಜುಲೈನಲ್ಲಿ ಒಂದು ಸಂಜೆ ಸಂದೇಶ ಬಂತು: ಭುಜಕ್ಕೆ ಪೆಟ್ಟು, ಹನ್ನೊಂದು ತಿಂಗಳು ಇಲ್ಲ. ತಿರುಗಿ ಬಂದವನ ಸ್ಟಫ್ ಅಂಕ ಕುಸಿದಿತ್ತು. ಅದು ಪರದೆಯ ಮೇಲಿನ ಒಂದು ಸಾಲು ಮಾತ್ರ ಎಂದು ತಿಳಿದಿದ್ದರೂ ಆ ರಾತ್ರಿ ಮುಂದೆ ಆಡಲು ಕೈ ಬರಲಿಲ್ಲ.

ಎರಡನೆಯ ಸಲ 95 ಎಸೆತಗಳ ಮಿತಿ, ಆರು ಜನರ ಸರದಿ. ಗುಡನ್, ರಾನ್ ಡಾರ್ಲಿಂಗ್, ಸಿಡ್ ಫರ್ನಾಂಡಿಸ್, ರಿಕ್ ಅಗಿಲೇರಾ, ಎಡ್ ಲಿಂಚ್ ಇದ್ದರು. ಆರನೆಯ ಜಾಗಕ್ಕೆ ಕೆಳಹಂತದ ಮೈನರ್ ಲೀಗ್‌ನಿಂದ ಒಬ್ಬೊಬ್ಬರನ್ನೇ ಕರೆಸಿ ನೋಡಿದೆ. ಈ ಆಟದ ನಿಜವಾದ ಶಕ್ತಿ ನನಗೆ ತಿಳಿದದ್ದು ಆಟದೊಳಗಿನ 1985ರ ಸೆಪ್ಟೆಂಬರ್‌ನಲ್ಲಿ. ವಿಭಾಗದ ಪಟ್ಟಿಯಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಒಂದು ಪಂದ್ಯ ಮುಂದಿದೆ, ಏಳನೆಯ ಇನ್ನಿಂಗ್ಸ್, ಗುಡನ್ 93 ಎಸೆದಿದ್ದಾನೆ, ಬುಲ್‌ಪೆನ್‌ನಲ್ಲಿ ಕಾದಿರುವ ಬದಲಿ ಪಿಚರ್‌ಗಳೆಲ್ಲ ದಣಿದಿದ್ದಾರೆ. ಮಿತಿ ತೆಗೆಯಲು ಒಂದು ಕ್ಲಿಕ್ ಸಾಕು. ಐದು ನಿಮಿಷ ಸುಮ್ಮನೆ ಕೂತಿದ್ದೆ. ಆ ಟೂರ್ನಿಯಲ್ಲಿ ನನ್ನ ಕೈಗೆ ಚೆಂಡು ಕೊಟ್ಟ ನಾಯಕನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಅವತ್ತು ಕರಗಿತು. ಅವನಿಗೂ ಆ ಕ್ಷಣದಲ್ಲಿ ಬೇರೆ ಬೌಲರ್ ಇರಲಿಲ್ಲ. ಗುಡನ್‌ನನ್ನು ಪಂದ್ಯದಿಂದ ಹೊರತೆಗೆದೆ. ಪಂದ್ಯ ಸೋತೆವು, ಎರಡು ಪಂದ್ಯಗಳ ಅಂತರದಲ್ಲಿ ವಿಭಾಗವೂ ಹೋಯಿತು. ನಿಜದ 1985ರಲ್ಲೂ ಮೆಟ್ಸ್ 98 ಪಂದ್ಯ ಗೆದ್ದು ಕಾರ್ಡಿನಲ್ಸ್‌ಗಿಂತ ಮೂರು ಪಂದ್ಯ ಹಿಂದುಳಿದಿತ್ತು.

ವಿಶ್ರಾಂತಿ ಕೊಟ್ಟರೆ ಗಾಯವೇ ಆಗುವುದಿಲ್ಲ ಎಂಬ ಭರವಸೆಯನ್ನು ಆಟ ಕೊಡುವುದಿಲ್ಲ. ಅಷ್ಟು ಜೋಪಾನ ಮಾಡಿದ ಮೇಲೂ ಅಗಿಲೇರಾ ಮೊಣಕೈ ಹಿಡಿದುಕೊಂಡು ಕೂತ. ಇದನ್ನು ದೋಷವೆನ್ನುವವರಿದ್ದಾರೆ, ನನಗೆ ಇದೇ ಸತ್ಯಕ್ಕೆ ಹತ್ತಿರ. ಸ್ಟೀಫನ್ ಸ್ಟ್ರಾಸ್‌ಬರ್ಗ್ ಎಂಬ ಪಿಚರ್‌ನನ್ನು ವಾಷಿಂಗ್ಟನ್ ತಂಡ ಎಷ್ಟು ಎಚ್ಚರದಿಂದ ತಂದರೂ 2010ರಲ್ಲಿ ಮೊಣಕೈ ಹೋಯಿತು. 2012ರಲ್ಲಿ 159 ಇನ್ನಿಂಗ್ಸ್ ಆದ ಮೇಲೆ ಅವನನ್ನು ನಿಲ್ಲಿಸಿ, ಪ್ಲೇಆಫ್‌ನಲ್ಲಿ ಅವನಿಲ್ಲದೆ ಆಡಿ ಸೋತು ಬೈಸಿಕೊಂಡರು. 2019ರ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ನಲ್ಲಿ ಶ್ರೇಷ್ಠ ಆಟಗಾರನಾದದ್ದೂ ಅವನೇ.

ಕೊರತೆಗಳೂ ಇವೆ. ಕಳೆದ ವರ್ಷಕ್ಕಿಂತ ಈ ವರ್ಷ ಇಷ್ಟು ಇನ್ನಿಂಗ್ಸ್ ಹೆಚ್ಚಾಯಿತು ಎಂದು ಎಚ್ಚರಿಸುವ ಏರ್ಪಾಡು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದಕ್ಕಿಂತ ದೊಡ್ಡದು ಇನ್ನೊಂದು. ಪರದೆಯ ಮೇಲಿನ ದಣಿವು ಪ್ರಾಮಾಣಿಕವಾದದ್ದು, ಆಟದ ಹುಡುಗ ಸುಳ್ಳು ಹೇಳುವುದಿಲ್ಲ. ನ್ಯೂಜೆರ್ಸಿಯಲ್ಲಿ ನನ್ನ ಹನ್ನೊಂದರ ಮಗ ಲಿಟಲ್ ಲೀಗ್ ಎಂಬ ಮಕ್ಕಳ ಬೇಸ್‌ಬಾಲ್ ಆಡುತ್ತಾನೆ. ಅವನ ವಯಸ್ಸಿಗೆ ದಿನಕ್ಕೆ 85 ಎಸೆತ ಮಿತಿ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಎಣಿಸುವ ಯಂತ್ರ ಹಿಡಿದು ಬೇಲಿಯಾಚೆ ಕೂರುವವನು ನಾನೇ. ಎಸೆತ ನಿಲ್ಲಿಸಿ ಹೊರಗೆ ಕರೆದಾಗಲೆಲ್ಲ “ಅಪ್ಪ, ನನಗೆ ಏನೂ ನೋವಿಲ್ಲ” ಎನ್ನುತ್ತಾನೆ. ಮೂರು ತಿಂಗಳು ನಾನೂ ಅದನ್ನೇ ಹೇಳಿದ್ದೆ. ಆ ಮಾತನ್ನು ನಂಬಬೇಕೋ ಬೇಡವೋ ಎಂಬ ಕಷ್ಟ ಈ ಆಟದಲ್ಲಿ ಇಲ್ಲ. ಇದ್ದಿದ್ದರೆ ಇನ್ನೂ ಒಳ್ಳೆಯ ಆಟವಾಗುತ್ತಿತ್ತು.

ಓಡುವ, ಹೊಡೆಯುವ ಆಟ ಬೇಕಾದವರು ಇದನ್ನು ಕೊಳ್ಳಬೇಡಿ. ಲೆಕ್ಕದಲ್ಲಿ ಮನುಷ್ಯರನ್ನು ಕಾಣಬಲ್ಲವರು ಧಾರಾಳವಾಗಿ ಕೊಳ್ಳಿ. ಹೊಸ ಆವೃತ್ತಿಯೇ ಬೇಕೆಂದಿಲ್ಲ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ರಿಯಾಯಿತಿ ಬಂದಾಗ ಹಳೆಯದನ್ನು ತೆಗೆದುಕೊಂಡರೂ ನಡೆಯುತ್ತದೆ. ನನ್ನ ಮೆಟ್ಸ್ ಈಗ 1988ರ ಏಪ್ರಿಲ್‌ನಲ್ಲಿದೆ. ಗುಡನ್‌ಗೆ ಇಪ್ಪತ್ತಮೂರು. ಕಳೆದ ಮೂರು ವರ್ಷಗಳಲ್ಲಿ 184, 191, 203 ಇನ್ನಿಂಗ್ಸ್. ನಾಳೆ ಶೇ ಸ್ಟೇಡಿಯಂನಲ್ಲಿ ಮೊದಲ ಪಂದ್ಯ ಅವನದೇ, ಮಿತಿಯನ್ನು ನೂರಕ್ಕೆ ಏರಿಸಿದ್ದೇನೆ.